ಬಂಡೆಯ ಮೂಲೆಯಲ್ಲಿ ಮರಳಿರಲಿಲ್ಲ

"ಸೆಪ್ಟೆಂಬರ್ ಅಂದ್ರಿ ಅಲ್ವಾ?" ಮೂರನೆಯ ಬಿಸ್ಕತ್ತಿನ ಡಬ್ಬವನ್ನು ಮೇಲಿನಿಂದ ಇಳಿಸುತ್ತ ಮಾದಲೆನ್ ಕೇಳಿದಳು.

ಹೌದು, ದೋಣಿ ಪಂದ್ಯದ ಕೊನೇ ಸುತ್ತಿನ ಹಿಂದಿನ ದಿನ, ಶನಿವಾರ ಎಂದಳು ಇನ್ಸ್‌ಪೆಕ್ಟರ್ ನೆಕಾನೆ ಒತಾಮೆಂದಿ. ಆರು ವರ್ಷದ ಹಿಂದಿನದು.

ಇಗೆಲ್ದೊ ಗುಡ್ಡದ ನೆತ್ತಿಯಲ್ಲಿ, ಉಕ್ಕಿನ ಹಗ್ಗ ಎಳೆದು ತರುವ ಪುಟ್ಟ ರೈಲು ಬಂದು ನಿಲ್ಲುವಲ್ಲಿಂದ ಹತ್ತು ಹೆಜ್ಜೆಗೆ ಮಾದಲೆನ್‌ಳ ಗೂಡಂಗಡಿ. ಮೂವತ್ತೊಂದು ವರ್ಷದಿಂದ ಅವಳದು ಒಂದೇ ಕಸುಬು. ಮೇಲೆ ಬಂದವರನ್ನು ಕಂಬಿಬೇಲಿಗೆ ಒರಗಿಸಿ, ಬೆನ್ನ ಹಿಂದೆ ಇಡೀ ಕೊಲ್ಲಿ ಕಾಣುವಂತೆ ನಿಲ್ಲಿಸಿ ಫೋಟೋ ತೆಗೆಯುತ್ತಾಳೆ, ಹಳದಿ ಚೀಟಿಯೊಂದನ್ನು ಕೈಗಿಡುತ್ತಾಳೆ. ಅರ್ಧ ಗಂಟೆ ಬಿಟ್ಟು ಬಂದು ಚೀಟಿ ತೋರಿಸಿದರೆ ಫೋಟೋ. ಮರೆತು ರೈಲು ಹತ್ತಿ ಇಳಿದು ಹೋದವರ ಮುಖಗಳೆಲ್ಲ ಬಿಸ್ಕತ್ತಿನ ಡಬ್ಬಗಳಲ್ಲಿ ಉಳಿದಿವೆ. ಎಸೆಯಲು ಅವಳಿಗೆ ಮನಸ್ಸು ಬರುವುದಿಲ್ಲ.

ನೆಕಾನೆಯ ಕೈಯಲ್ಲಿದ್ದುದು ಅಂಥದೇ ಒಂದು ಹಳದಿ ಚೀಟಿ. ಕೊಲ್ಲಿಯಲ್ಲಿ ಮುಳುಗಿ ಸತ್ತ ಹತ್ತೊಂಬತ್ತರ ಹುಡುಗಿ ಇರಾತಿಯ ಹಳೆಯ ಕೋಟಿನ ಒಳಜೇಬಿನಲ್ಲಿ ಹೋದ ವಾರ ಸಿಕ್ಕಿದ್ದು.

ಇರಾತಿಯ ತಾಯಿ ಎಸ್ತಿಚು ಹಳೇ ಪೇಟೆಯ ಒಂದು ತಿಂಡಿ ಕಟ್ಟೆಯಲ್ಲಿ ಕೆಲಸ ಮಾಡುತ್ತಾಳೆ. ನೆಕಾನೆ ಒಳಗೆ ಕಾಲಿಟ್ಟರೆ ಸಾಕು, ಉಳಿದ ಗಿರಾಕಿಗಳನ್ನು ಬಿಟ್ಟು ಬಿಸಿ ಬಿಸಿ ಕಾಡ್ ಮೀನಿನ ಆಮ್ಲೆಟ್ಟನ್ನು ತಟ್ಟೆಗೆ ಹಾಕಿ ತಾನೇ ತಂದಿಡುತ್ತಾಳೆ. ಅವತ್ತು ನಮ್ಮನ್ನ ಮನುಷ್ಯರ ಹಾಗೆ ಕಂಡವರು ನೀವೊಬ್ಬರೇ ಎಂದು ಪ್ರತಿ ಸಲವೂ ಹೇಳುತ್ತಾಳೆ. ಪ್ರತಿ ಸಲವೂ ನೆಕಾನೆ ತಲೆ ಎತ್ತದೆ ಆ ಆಮ್ಲೆಟ್ಟನ್ನು ತಿಂದು ಮುಗಿಸುತ್ತಾಳೆ. ಚೀಟಿ ಕೊಡುವಾಗ ಎಸ್ತಿಚು ಕೇಳಿಕೊಂಡಿದ್ದು ಇಷ್ಟೇ: ಮಗಳ ಕೊನೇ ಫೋಟೋ ಇದ್ದರೆ ತಂದುಕೊಡಿ.

"ಇಗೋ," ಎಂದಳು ಮಾದಲೆನ್.

ಫೋಟೋದಲ್ಲಿ ಇರಾತಿ ಒಬ್ಬಳೇ ನಿಂತಿದ್ದಳು. ಗಾಳಿಗೆ ಕೂದಲು ಬಾಯಿಗೆ ಸಿಕ್ಕಿಕೊಂಡಿತ್ತು, ಅದನ್ನು ಬಿಡಿಸುತ್ತಲೇ ನಕ್ಕಿದ್ದಳು. ಎದೆಯ ಮೇಲೆ ಪ್ರವಾಸಿ ಗೈಡುಗಳ ಸಂಘದ ಬಿಲ್ಲೆ. ಸಂಘಕ್ಕೆ ತರಬೇತಿಗೆ ಸೇರಿ ಅವಳಿಗೆ ಮೂರೇ ತಿಂಗಳಾಗಿತ್ತು. ಕೆಳಗಿನ ಮೂಲೆಯಲ್ಲಿ ಕೆಂಪು ಅಂಕಿಗಳಲ್ಲಿ ತಾರೀಕು, ಸಮಯ. ಸಂಜೆ ಆರು ಐವತ್ತೆರಡು.

ನೆಕಾನೆ ಮೊದಲು ನೋಡಿದ್ದು ಹುಡುಗಿಯ ಮುಖವನ್ನು. ಆಮೇಲೆ ಅಂಚನ್ನು. ಎಡಗಡೆಯಿಂದ ಒಂದು ಕೈ ಚಿತ್ರದೊಳಗೆ ಚಾಚಿತ್ತು. ಗಂಡಸಿನ ಕೈ, ಅಂಗಿಯ ತೋಳು ಮಡಚಿತ್ತು. ಒಂದೇ ಕೈಯಲ್ಲಿ ಎರಡು ಐಸ್‌ಕ್ರೀಮ್.

"ಇವಳ ಜೊತೆ ಯಾರೋ ಇದ್ರು," ಎಂದಳು.

ಮಾದಲೆನ್ ಕನ್ನಡಕ ಇಳಿಸಿ ನೋಡಿದಳು. ಇದ್ದ, ಒಬ್ಬ ಇದ್ದ, ಇಬ್ಬರೂ ನಿಲ್ಲಿ ಅಂದರೆ ಅವನು ಒಪ್ಪಲಿಲ್ಲ ಎಂದಳು. ಮುಖ ನೆನಪಿಲ್ಲ. ದಿನಕ್ಕೆ ಇನ್ನೂರು ಮುಖ ನೋಡುವವಳಿಗೆ ಯಾವುದು ನೆನಪಿರುತ್ತದೆ? ಆದರೆ ಫೋಟೋಗೆ ನಿಲ್ಲದ ಗಂಡಸು ಅಂದರೆ ಮನೆಯಲ್ಲಿ ಹೆಂಡತಿ ಇದ್ದಾಳೆ ಎಂದೇ ಲೆಕ್ಕ ಎಂದು ಅವಳು ತನ್ನ ಮೂವತ್ತೊಂದು ವರ್ಷದ ಅನುಭವವನ್ನು ಸೇರಿಸಿದಳು. ನಾಳೆ ಹೇಗೂ ಗುಂಪು ಕರೆದುಕೊಂಡು ಬರುತ್ತೇನೆ, ಆಗ ಒಯ್ಯುತ್ತೇನೆ ಎಂದು ಹೇಳಿ ಹುಡುಗಿ ರೈಲಿಗೆ ಓಡಿದ್ದಳಂತೆ.

ನೆಕಾನೆ ಫೋಟೋವನ್ನು ಬೆಳಕಿಗೆ ಹಿಡಿದಳು. ಆಗಲೇ ಅವಳ ಕಣ್ಣು ಹುಡುಗಿಯ ಭುಜದ ಹಿಂದಕ್ಕೆ ಹೋಯಿತು.

ಕೊಲ್ಲಿ ಅಚ್ಚೊತ್ತಿದಂತೆ ಸ್ಪಷ್ಟವಾಗಿತ್ತು. ನಡುವೆ ಸಾಂತಾ ಕ್ಲಾರಾ ದ್ವೀಪ. ಕೆಳಗೆ ಒಂದಾರ್ರೆತಾ ದಂಡೆ, ಆಚೆಗೆ ಕೊಂಚಾ ದಂಡೆ. ಎರಡನ್ನೂ ಬೇರ್ಪಡಿಸಿ ನೀರಿಗೆ ಮೂತಿ ಚಾಚಿದ ಕಪ್ಪು ಬಂಡೆ. ಇಳಿತದ ಹೊತ್ತಿನಲ್ಲಿ ಆ ಬಂಡೆಯ ಮೂಲೆಯಲ್ಲಿ ಮರಳು ತೆರೆದುಕೊಂಡು, ಒಂದು ದಂಡೆಯಿಂದ ಇನ್ನೊಂದಕ್ಕೆ ಬರಿಗಾಲಲ್ಲಿ ನಡೆದು ಹೋಗಬಹುದು. ಉಬ್ಬರ ಬಂದರೆ ದಾರಿ ಮುಚ್ಚಿತು. ಬಂದರಿನ ಮಕ್ಕಳು ಇದನ್ನು ಅಕ್ಷರಕ್ಕಿಂತ ಮೊದಲೇ ಕಲಿಯುತ್ತಾರೆ.

ಫೋಟೋದಲ್ಲಿ ಆ ಮೂಲೆಯಲ್ಲಿ ಮರಳಿರಲಿಲ್ಲ. ಬಂಡೆಯ ಸೊಂಟದವರೆಗೂ ನೀರು ನಿಂತಿತ್ತು.

ಅವಳು ಫೋಟೋವನ್ನು ಚೀಲಕ್ಕೆ ಹಾಕಿಕೊಂಡು ರೈಲಿನ ಕಡೆಗೆ ನಡೆದಳು.

*

ಇಳಿಯುವ ರೈಲಿನ ಮರದ ಬೆಂಚಿನಲ್ಲಿ ಕೂತು ನೆಕಾನೆ ಚೀಲದಿಂದ ಹಳೆಯ ಕಡತ ತೆಗೆದಳು. ಹೇಳಿಕೆ ಇದ್ದುದು ಒಂದೇ ಪುಟ. ಓದುವ ಅಗತ್ಯ ಇರಲಿಲ್ಲ, ನಿನ್ನೆಯಿಂದ ಅದು ಬಾಯಿಪಾಠವಾಗಿತ್ತು.

'ಶನಿವಾರ ಸಂಜೆ ಗುಂಪನ್ನು ಬೀಳ್ಕೊಟ್ಟ ಮೇಲೆ ಒಂದಾರ್ರೆತಾದಿಂದ ಕೊಂಚಾ ಕಡೆಗೆ ಮರಳ ಮೇಲೆಯೇ ನಡೆದು ಬರುತ್ತಿದ್ದೆ. ಬಂಡೆಯ ಮೂಲೆ ದಾಟುವಾಗ ಹಿಂತಿರುಗಿ ನೋಡಿದೆ. ಇರಾತಿ ಒಬ್ಬಳೇ ನೀರಿಗಿಳಿದು ದ್ವೀಪದ ಕಡೆಗೆ ಈಜುತ್ತಿದ್ದಳು. ಆಗ ಏಳು ಕಾಲು. ಬೇರೆ ಯಾರೂ ಇರಲಿಲ್ಲ.'

ಕೆಳಗೆ ಗೈಡುಗಳ ಸಂಘದ ಹಿರಿಯ ಮಾರ್ಚೆಲ್ ಉರ್ಕಿಯಾನ ಸಹಿ. ಅದರ ಕೆಳಗೆ, 'ನನ್ನ ಸಮಕ್ಷಮದಲ್ಲಿ' ಎಂಬ ಮಾತಿನ ಮುಂದೆ, ಇನ್ನೊಂದು ಸಹಿ. ನೆಕಾನೆ ಒತಾಮೆಂದಿ.

ಆ ಸಮಕ್ಷಮವೇ ಸುಳ್ಳು.

ಭಾನುವಾರ ಬೆಳಿಗ್ಗೆ ಏಳಕ್ಕೆ ದ್ವೀಪದ ಹಿಂಭಾಗದ ಬಂಡೆಗಳಲ್ಲಿ ಹುಡುಗಿಯ ಶವ ಸಿಕ್ಕಿತ್ತು. ಒಂದಾರ್ರೆತಾದ ಮರಳಿನ ಮೇಲೆ ಅವಳ ಬಟ್ಟೆ, ಕೋಟು ನೀಟಾಗಿ ಮಡಚಿಟ್ಟಂತೆಯೇ ಇದ್ದವು. ಮಧ್ಯಾಹ್ನ ದೋಣಿ ಪಂದ್ಯ. ನೆಕಾನೆಯ ಅಪ್ಪನ ಊರಿನ ದೋಣಿ ಹದಿನಾಲ್ಕು ವರ್ಷದ ಮೇಲೆ ಗೆಲ್ಲುವ ಹವಣಿಕೆಯಲ್ಲಿತ್ತು. ಸಾಕ್ಷಿಯ ಹೇಳಿಕೆ ಬರೆಸಿಕೊಳ್ಳುವ ಹೊತ್ತಿಗೆ ನೆಕಾನೆ ಬಂದರಿನ ಗೋಡೆಯ ಮೇಲೆ, ಕುತ್ತಿಗೆಗೆ ಬಣ್ಣದ ವಸ್ತ್ರ ಕಟ್ಟಿಕೊಂಡು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಹೇಳಿಕೆ ಬರೆದುಕೊಂಡವನು ಅವಳ ಕೈಕೆಳಗಿನ ಗೊರ್ಕಾ ಸಬಾಲೆತಾ. ಸೋಮವಾರ ಬೆಳಿಗ್ಗೆ ಅವನು ಕಾಗದ ತಂದಿಟ್ಟ. ಅವಳು ಕಾಫಿ ಕುಡಿಯುತ್ತ, ಒಂದು ಸಾಲನ್ನೂ ಓದದೆ, ಸಹಿ ಹಾಕಿದಳು. ಆಕಸ್ಮಿಕ ಸಾವು. ಕಡತ ಮುಚ್ಚಿತು.

ಅವತ್ತೇ, ಆ ಸಂಜೆಯ ಉಬ್ಬರ ಇನ್ನೂ ನೆನಪಿದ್ದಾಗಲೇ ಓದಿದ್ದರೆ, 'ಮರಳ ಮೇಲೆಯೇ' ಎಂಬ ಎರಡು ಪದ ಸಾಕಾಗುತ್ತಿತ್ತು. ಅವಳಂಥ ಬಂದರಿನ ಮಗಳಿಗೆ ಅಷ್ಟೂ ಬೇಡ, ಒಂದೇ ಪದ ಸಾಕಾಗುತ್ತಿತ್ತು.

ನಿನ್ನೆ ದಾಸ್ತಾನು ಕೋಣೆಯಿಂದ ಈ ಕಡತ ತಂದುಕೊಟ್ಟವನೂ ಗೊರ್ಕಾನೇ. ಯಾಕೆ ಮೇಡಂ ಎಂದು ಕೇಳಿದ್ದ. ಚೀಟಿಯ ವಿಷಯ ಹೇಳಿದ್ದಳು. ಒಳ್ಳೇದಾಯ್ತು, ಆ ತಾಯಿಗೆ ಒಂದು ಫೋಟೋ ಆದರೂ ಸಿಗಲಿ ಎಂದಿದ್ದ.

ಮಾರ್ಚೆಲ್ ಯಾಕೆ ಸುಳ್ಳು ಹೇಳಿದ? ಅವನು ಅವಳ ಅಣ್ಣನ ಗೆಳೆಯ, ಒಂದೇ ಓಣಿಯವನು. ಚಿಕ್ಕವಳಿದ್ದಾಗ ಜನವರಿಯ ತಮಟೆ ಹಬ್ಬದಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದವನು. ಹೇಳಿಕೆ ಮಾರ್ಚೆಲ್‌ನದು ಎಂಬ ಕಾರಣಕ್ಕೇ ಅಲ್ಲವೇ ಅವಳು ಓದದೆ ಬಿಟ್ಟದ್ದು?

*

ಮಾರ್ಚೆಲ್ ಎಲ್ಲಿರುತ್ತಾನೆಂದು ಕೇಳಬೇಕಾಗಿರಲಿಲ್ಲ. ಬೆಳಿಗ್ಗೆ ಉರ್ಗುಲ್ ಕೋಟೆ, ಆಮೇಲೆ ಬಂದರು, ಹಳೇ ಪೇಟೆ, ಮಧ್ಯಾಹ್ನ ಒಂದೂವರೆಗೆ ದಂಡೆಯ ತುದಿಯ 'ಗಾಳಿಯ ಬಾಚಣಿಗೆ' ಎಂಬ ಶಿಲ್ಪ. ಅರವತ್ತೆಂಟರ ವಯಸ್ಸಿನಲ್ಲೂ ಅವನ ದಾರಿ ಬದಲಾಗಿರಲಿಲ್ಲ.

ಗುಡ್ಡದ ಬುಡ ಸಮುದ್ರಕ್ಕೆ ಮುಗಿಯುವಲ್ಲಿ ಮೂರು ದೈತ್ಯ ಕಬ್ಬಿಣದ ಪಂಜಗಳು ಬಂಡೆಗೆ ಕಚ್ಚಿಕೊಂಡಿವೆ. ಮುಂದಿನ ಕಲ್ಲು ಹಾಸಿನಲ್ಲಿ ತೂತುಗಳು. ಅಲೆ ಕೆಳಗಿನಿಂದ ಬಡಿದಾಗ ತೂತುಗಳಿಂದ ಗಾಳಿ ಸೀಟಿ ಹೊಡೆದು ಮೇಲೇಳುತ್ತದೆ. ಉಬ್ಬರ ಏರಿದರೆ ನೀರೇ ಚಿಮ್ಮುತ್ತದೆ. ಮಾರ್ಚೆಲ್ ಒಬ್ಬ ದಪ್ಪ ಹೆಂಗಸನ್ನು ತೂತಿನ ಮೇಲೆ ನಿಲ್ಲಿಸಿ ಅವಳ ಟೋಪಿ ಹಾರಿಸಿದ. ಗುಂಪೆಲ್ಲ ನಕ್ಕಿತು. ನೆಕಾನೆಯನ್ನು ಕಂಡವನೇ ಗುಂಪಿಗೆ ಕಾಲು ಗಂಟೆ ಬಿಡುವು ಕೊಟ್ಟು ಅವಳತ್ತ ಬಂದ.

"ಏನ್ ಹುಡುಗಿ, ಟಿಕೆಟ್ಟಿಲ್ಲದೆ ಊರು ನೋಡೋಕೆ ಬಂದ್ಯಾ?"

ಐವತ್ತೇಳು ವರ್ಷದ ಅವಳನ್ನು ಈಗಲೂ ಹುಡುಗಿ ಎನ್ನುವವನು ಅವನೊಬ್ಬನೇ. ಅವಳು ಉತ್ತರ ಕೊಡದೆ ಫೋಟೋವನ್ನು ಅವನ ಕೈಗಿಟ್ಟಳು.

ಅವನು ನೋಡಿದ. ಮುಖದ ನಗು ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ಕಣ್ಣಿನಿಂದ, ಆಮೇಲೆ ಬಾಯಿಯಿಂದ ಇಳಿಯಿತು.

"ಬಂಡೆ ಮೂಲೆ ನೋಡು," ಎಂದಳು. "ಆರು ಐವತ್ತೆರಡು. ಇಪ್ಪತ್ತು ನಿಮಿಷ ಬಿಟ್ಟು ನೀನು ಅಲ್ಲಿ ಮರಳ ಮೇಲೆ ನಡೀತಿದ್ದೆ ಅಂತ ಬರ್ಸಿದ್ದೀಯ."

"ನಾನು ಬರ್ಸಿಲ್ಲ."

"ಸಹಿ ಹಾಕಿದ್ದೀಯ."

"ನೀನೂ ಹಾಕಿದ್ದೀಯ."

ಅವನ ದನಿಯಲ್ಲಿ ಕೋಪ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಇಬ್ಬರೂ ಕಲ್ಲಿನ ಮೆಟ್ಟಿಲ ಮೇಲೆ ಕೂತರು. ಅವನು ಜೇಬಿನಿಂದ ಸಿಗರೇಟು ತೆಗೆದ. ಹಚ್ಚದೆ ಬೆರಳುಗಳ ನಡುವೆ ಉರುಳಿಸುತ್ತ ಹೇಳತೊಡಗಿದ.

ಆ ಶನಿವಾರ ಸಂಜೆ ಅವನು ಎಲ್ಲೂ ನಡೆಯುತ್ತಿರಲಿಲ್ಲ. ಇಪ್ಪತ್ತೆರಡು ಜನ ಫ್ರೆಂಚ್ ಮುದುಕ ಮುದುಕಿಯರ ಗುಂಪನ್ನು ಗುಡ್ಡದ ಮೇಲೆ ಬಿಟ್ಟು, ಒಂದು ಗಂಟೆ ನೀವೇ ಸುತ್ತಾಡಿ ಎಂದು ಹೇಳಿ, ಕೆಳಗಿಳಿದು ಒಂದಾರ್ರೆತಾದ ಗೋಡೆಯ ಪಕ್ಕದ ಹೆಂಡದಂಗಡಿಯಲ್ಲಿ ಕೂತಿದ್ದ. ಹೆಂಡತಿ ಸತ್ತ ವರ್ಷ ಅದು. ಅವನು ಹೆಚ್ಚು ಕಡಿಮೆ ದಿನವೂ ಹಾಗೆ ಇಳಿಯುತ್ತಿದ್ದ. ಅವತ್ತು ಗುಂಪಿನ ಒಬ್ಬ ಮುದುಕಿ ಅವನನ್ನು ಹುಡುಕುತ್ತ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಗೈಡು ಪಕ್ಕದಲ್ಲೇ ಇದ್ದ, ಕೈ ಹಿಡಿಯುವಷ್ಟರಲ್ಲಿ ಬಿದ್ದಳು ಎಂದು ಅವನು ಸಂಘಕ್ಕೆ ಬರೆದುಕೊಟ್ಟಿದ್ದ.

"ಕೂತಲ್ಲಿಂದ ಇರಾತಿ ಕಂಡ್ಳು," ಎಂದ. "ಒಬ್ಳೇ ಅಲ್ಲ. ಇಬ್ರು ನೀರಿಗಿಳಿದ್ರು. ಕತ್ತಲಾಗೋ ಮುಂಚೆ ಒಬ್ಬ ವಾಪಸ್ ಬಂದ."

"ಒಬ್ಬನೇ?"

"ಒಬ್ಬನೇ. ಮೈ ಒರೆಸ್ಕೊಂಡ. ಬಟ್ಟೆ ಹಾಕ್ಕೊಂಡ. ಅವಳ ಬಟ್ಟೆ ಮುಟ್ಲಿಲ್ಲ. ಹೋದ. ಓಡ್ಲಿಲ್ಲ ನೆಕಾನೆ, ನಡ್ಕೊಂಡೇ ಹೋದ. ಹುಡುಗಿ ಹಿಂದಿಂದ ಬರ್ತಾಳೆ ಅಂದ್ಕೊಂಡೆ. ಇನ್ನೊಂದು ಗ್ಲಾಸ್ ಹೇಳ್ದೆ."

ಸಿಗರೇಟು ಅವನ ಬೆರಳುಗಳ ನಡುವೆ ಮುರಿಯಿತು.

ಯಾರು ಅವನು ಎಂದು ನೆಕಾನೆ ಕೇಳಿದಳು.

"ಮಾರನೇ ದಿನ ಮಧ್ಯಾಹ್ನ ನಮ್ಮನೆ ಬಾಗಿಲು ತಟ್ಟಿ, ಹೇಳಿಕೆ ಬರ್ಕೊಳಕ್ಕೆ ಬಂದಿದೀನಿ ಅಂದ."

ಕೆಳಗೆ ಅಲೆ ಬಡಿಯಿತು. ತೂತುಗಳು ಸೀಟಿ ಹೊಡೆದವು. ಪ್ರವಾಸಿಗರು ಮತ್ತೆ ನಕ್ಕರು.

ಗೊರ್ಕಾ ತೊಲೋಸಾ ಕಡೆಯ ಒಳನಾಡಿನವನು. ನದಿಯಲ್ಲಿ ಈಜಿ ಬೆಳೆದವನು. ಅಲೆ ಸೀಳಿಕೊಂಡು ಹೋಗುವಷ್ಟು ತೋಳ್ಬಲ ಅವನಿಗಿತ್ತು, ಸಮುದ್ರದ ವೇಳಾಪಟ್ಟಿ ತಲೆಗೆ ಹತ್ತಿರಲಿಲ್ಲ. ಹಗಲು ಊಟದ ಹೊತ್ತಿನಲ್ಲಿ ಆ ಮೂಲೆಯಲ್ಲಿ ಜನ ಮರಳ ಮೇಲೆ ಓಡಾಡುವುದನ್ನು ನೋಡಿದ್ದ. ಸಂಜೆಯೂ ಹಾಗೇ ಎಂದುಕೊಂಡು ಬರೆದ. ಆಗ ಅವನಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಮದುವೆಯ ಊಟಕ್ಕೆ ನೆಕಾನೆಯೂ ಹೋಗಿದ್ದಳು.

ಇನ್ನೊಂದು ಮಾತೂ ಅವಳಿಗೆ ನೆನಪಾಯಿತು. ಆ ಭಾನುವಾರ ಅವನೇ ಹೇಳಿದ್ದ: ನೀವು ಹೋಗಿ ಮೇಡಂ, ಪಂದ್ಯ ವರ್ಷಕ್ಕೊಂದೇ ಸಲ, ಹೇಳಿಕೆ ನಾನು ಬರೆಸಿಕೊಳ್ಳುತ್ತೇನೆ. ಎಷ್ಟು ಒಳ್ಳೆಯ ಹುಡುಗ ಎಂದುಕೊಂಡು ಹೋಗಿದ್ದಳು.

"ಬಾಗಿಲು ತೆಗೆದ ತಕ್ಷಣ ಗುರುತು ಹಿಡಿದೆ," ಎಂದ ಮಾರ್ಚೆಲ್. "ಹೆಂಡದಂಗಡೀಲಿ ಕೂತಿದ್ದ ನನ್ನನ್ನ ಅವನೂ ನೋಡಿದ್ದ. ನಾನು ಗುರುತು ಹಿಡಿದೆ ಅಂತ ಅವನಿಗೂ ಗೊತ್ತಾಯ್ತು. ಕೂಗಾಡ್ಲಿಲ್ಲ. 'ಏಳು ಕಾಲಿಗೆ ನಿಮ್ಮ ಗುಂಪೆಲ್ಲಿತ್ತು ಉರ್ಕಿಯಾ?' ಅಂದ. ಅಷ್ಟೇ. ಆಮೇಲೆ ಅವನೇ ಬರೆದ."

"ನೀನು ಓದ್ಲಿಲ್ವಾ?"

"ಓದ್ದೆ. ಮರಳು ಅಂತ ಇತ್ತು. ತಪ್ಪು ಅಂತ ಗೊತ್ತಾಯ್ತು."

"ಮತ್ತೆ?"

"ತಿದ್ದಿಸ್ಲಿಲ್ಲ. ಬೇಕಂತ್ಲೇ ಬಿಟ್ಟೆ." ಅವನು ಈಗ ಅವಳನ್ನು ನೇರ ನೋಡಿದ. "ಬಾಯಿ ಬಿಡೋ ಧೈರ್ಯ ನನಗಿರ್ಲಿಲ್ಲ. ಆದ್ರೆ ಇದು ನೆಕಾನೆ ಕೈಗೆ ಹೋಗತ್ತೆ, ಬಂದರಿನ ಹುಡುಗಿ, ಒಂದೇ ನೋಟಕ್ಕೆ ಹಿಡೀತಾಳೆ, ಬಂದು ನನ್ನ ಕೊರಳುಪಟ್ಟಿ ಹಿಡೀತಾಳೆ, ಆಗ ಎಲ್ಲ ಹೇಳ್ಬಿಡ್ತೀನಿ ಅಂದ್ಕೊಂಡೆ. ಒಂದು ವಾರ ಕಾದೆ. ಒಂದು ತಿಂಗಳು ಕಾದೆ. ನೀನು ಬರ್ಲಿಲ್ಲ."

ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಜನ ನೆಕಾನೆಗೆ ಬೈದಿದ್ದರು, ಉಗಿದಿದ್ದರು, ಒಬ್ಬ ಕುರ್ಚಿ ಎಸೆದಿದ್ದ. ಅವೆಲ್ಲ ಸೇರಿದರೂ ಈ ಎರಡು ಪದದಷ್ಟು ಭಾರ ಇರಲಿಲ್ಲ. ನೀನು ಬರಲಿಲ್ಲ. ಕೊನೆಗೆ ಅವಳು ಹೇಳಿದ್ದು ತೀರ ಸಣ್ಣ ಮಾತು.

"ದೋಣಿ ಪಂದ್ಯ ನೋಡ್ತಿದ್ದೆ ಮಾರ್ಚೆಲ್."

"ಗೊತ್ತು. ಗೋಡೆ ಮೇಲೆ ಕುಣೀತಿದ್ಯಂತೆ. ಊರೆಲ್ಲ ಹೇಳ್ತು."

ಗುಂಪಿನ ದಪ್ಪ ಹೆಂಗಸು ದೂರದಿಂದ ಕೈಗಡಿಯಾರ ತೋರಿಸಿ ಮಾರ್ಚೆಲ್‌ನನ್ನು ಕರೆದಳು. ಅವನು ಎದ್ದ. ಮೊಣಕಾಲು ಸದ್ದು ಮಾಡಿತು. ನ್ಯಾಯಾಧೀಶರ ಮುಂದೆ ಇದನ್ನೇ ಹೇಳುತ್ತೀಯಾ ಎಂದು ನೆಕಾನೆ ಕೇಳಿದಳು. ಹೇಳುತ್ತೇನೆ, ಬಿಲ್ಲೆ ಹೋದರೆ ಹೋಗಲಿ, ಎಸ್ತಿಚು ಇದ್ದಾಳೆಂದು ಆರು ವರ್ಷದಿಂದ ಆ ಓಣಿಯಲ್ಲಿ ಗುಂಪು ಕರೆದುಕೊಂಡು ಹೋಗಿಲ್ಲ, ಸುತ್ತು ಹಾಕಿಕೊಂಡು ಹೋಗಿ ಹೋಗಿ ಕಾಲು ಸೋತಿದೆ ಎಂದ. ಆದರೆ ಇನ್ನೊಂದು ಗುಂಪು ಮೂರಕ್ಕೆ ಇಲ್ಲಿಗೇ ಬರುತ್ತದೆ, ಅದನ್ನು ಮುಗಿಸಿ ಬರುತ್ತೇನೆ. ಇನ್ನೊಂದು ಸಲ ಗುಂಪು ಬಿಟ್ಟು ಹೋಗುವುದಿಲ್ಲ.

ಹಾಗಾದರೆ ಗುಂಪು ಹೋದ ಮೇಲೂ ಎಲ್ಲೂ ಕದಲಬೇಡ, ಇಲ್ಲೇ ಇರು, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು ನೆಕಾನೆ.

*

ನ್ಯಾಯಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಗೊರ್ಕಾನ ವಿಷಯ ಆಮೇಲೆ. ಮೊದಲು ತನ್ನದು. ನಾನು ಅಲ್ಲಿರಲಿಲ್ಲ, ಇದ್ದೆ ಎಂದು ಸಹಿ ಹಾಕಿದೆ. ನೌಕರಿ ಹೋಗುತ್ತದೆ, ಒಂಬತ್ತು ತಿಂಗಳ ಮೇಲೆ ಬರಬೇಕಾದ ಪಿಂಚಣಿಗೂ ಕಲ್ಲು ಬೀಳಬಹುದು. ಇಷ್ಟು ದಿನ ಅದನ್ನು ನೆನೆದರೆ ನಿದ್ದೆ ಹಾರುತ್ತಿತ್ತು. ಇವತ್ತು ಯಾಕೋ ಆ ಭಯ ಸಣ್ಣದಾಗಿ ಕಂಡಿತು. ಈ ಸುದ್ದಿಯನ್ನು ತಾನೇ ಎಸ್ತಿಚುಗೆ ಹೇಳಬೇಕಲ್ಲ ಎಂಬುದು ಮಾತ್ರ ದೊಡ್ಡದಾಗಿ ಉಳಿಯಿತು.

ತನಿಖಾ ನ್ಯಾಯಾಧೀಶೆ ನಲವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಊಟದ ಬಿಡುವಿನ ಮೇಲೆ ಮೂರೂವರೆಗೆ ನೆಕಾನೆ ಒಳಗೆ ಬಂದಾಗ ಆಕೆ ಎದ್ದು ಕೈಕುಲುಕಲಿಲ್ಲ.

"ನೀವೇ ಬರ್ತೀರಾ, ನಾವೇ ಕರೆಸ್ಬೇಕಾ ಅಂತ ಯೋಚಿಸ್ತಿದ್ದೆ," ಎಂದಳು. "ಕೂತ್ಕೊಳ್ಳಿ."

ಮೇಜಿನ ಮೇಲೆ ಎರಡು ಹಾಳೆಯ ದೂರು. ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟದ್ದು. ಅಂದರೆ ನೆಕಾನೆ ಗುಡ್ಡ ಹತ್ತುವುದಕ್ಕೂ ಮೊದಲು. ನ್ಯಾಯಾಧೀಶೆ ಅದನ್ನು ಅವಳತ್ತ ತಿರುಗಿಸಿದಳು.

ಗೊರ್ಕಾನ ಬರಹ ಅಂದವಾಗಿತ್ತು. ಆರು ವರ್ಷದಿಂದ ಮನಸ್ಸಾಕ್ಷಿ ಕಾಡುತ್ತಿದೆ ಎಂದು ಶುರುವಾಗಿತ್ತು. ಇರಾತಿ ಸಾವಿನ ಹೇಳಿಕೆಯನ್ನು ತಾನು ಬರೆದದ್ದು ನಿಜ, ಆದರೆ ಪ್ರತಿ ಪದವನ್ನೂ ಹೇಳಿ ಬರೆಸಿದವರು ಇನ್ಸ್‌ಪೆಕ್ಟರ್ ಒತಾಮೆಂದಿ. ಸಾಕ್ಷಿ ಮಾರ್ಚೆಲ್ ಉರ್ಕಿಯಾ ಮೇಡಂಗೆ ಮನೆಯವನಿದ್ದ ಹಾಗೆ. ತರಬೇತಿಯ ಹುಡುಗಿಗೆ ಆ ಮುದುಕ ಕಾಟ ಕೊಡುತ್ತಿದ್ದನೆಂಬ ಮಾತು ಸಂಘದಲ್ಲಿತ್ತು. ಆ ಸಂಜೆ ಅವನು ಗುಂಪು ಬಿಟ್ಟು ಎಲ್ಲಿ ಹೋಗಿದ್ದ ಎಂದು ಯಾರೂ ಕೇಳದಂತೆ ಈ ಹೇಳಿಕೆಯನ್ನು ಕಟ್ಟಲಾಯಿತು. ಅದರಲ್ಲಿ ಹೇಳಿದ ಹೊತ್ತಿಗೆ ಬಂಡೆಯ ಮೂಲೆಯಲ್ಲಿ ಮರಳೇ ಇರುವುದಿಲ್ಲ, ಬೇಕಾದರೆ ಉಬ್ಬರದ ಪಟ್ಟಿ ನೋಡಿ. ಬಂದರಿನಲ್ಲಿ ಹುಟ್ಟಿದ ಮೇಡಂಗೆ ಅದು ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ?

ನೆಕಾನೆ ಎರಡು ಸಲ ಓದಿದಳು. ಈ ಸಲ ಒಂದು ಸಾಲನ್ನೂ ಬಿಡಲಿಲ್ಲ. ಅವನು ಕೊನೆಗೂ ಉಬ್ಬರ ಕಲಿತಿದ್ದ.

"ಈ ಸಹಿ ನಿಮ್ಮದೇನಾ?" ನ್ಯಾಯಾಧೀಶೆ ಹಳೆಯ ಹೇಳಿಕೆಯ ಪ್ರತಿ ತೋರಿಸಿದಳು.

"ನನ್ನದೇ."

"ಬರೆಸ್ಕೊಳ್ಳೋವಾಗ ನೀವು ಅಲ್ಲಿದ್ರಾ?"

ಇರಲಿಲ್ಲ. ಆ ಒಂದು ಮಾತನ್ನು ಹೇಳಲೆಂದೇ ಅವಳು ಬಂದಿದ್ದಳು. ಆದರೆ ಆರು ವರ್ಷ ನುಂಗಿಕೊಂಡಿದ್ದ ಸತ್ಯ ಈಗ ಬಾಯಿಗೆ ಬಂದರೆ, ಸಿಕ್ಕಿಬಿದ್ದವಳು ತಪ್ಪಿಸಿಕೊಳ್ಳಲು ಹೂಡಿದ ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಫೋಟೋದಲ್ಲಿದ್ದುದು ಬರೀ ಒಂದು ಕೈ. ಉಳಿದದ್ದೆಲ್ಲ ಮಾರ್ಚೆಲ್‌ನ ಮಾತು. ಎರಡನೇ ಸಲವೂ ಅವಳು ಅದೇ ಮನುಷ್ಯನ ಮಾತನ್ನು ಪರೀಕ್ಷಿಸದೆ ನಂಬಿ ಬಂದಿದ್ದಳು. ಹೆಗಲ ಮೇಲೆ ಹೊತ್ತು ತಿರುಗಿಸಿದವನು ಎಂದಲ್ಲವೇ? ಒಂದು ಕ್ಷಣ, ಒಂದೇ ಕ್ಷಣ, ಗೊರ್ಕಾ ಬರೆದದ್ದೇ ನಿಜವಿದ್ದರೆ ಎಂದು ಅವಳಿಗೆ ಅನಿಸಿತು.

ಆಗ ಪಕ್ಕದ ಕೋಣೆಯ ಬಾಗಿಲು ತೆರೆಯಿತು. ಎಸ್ತಿಚು ನಿಂತಿದ್ದಳು. ಕೆಲಸದ ಏಪ್ರನ್ ಬಿಚ್ಚಲೂ ಬಿಡುವಿಲ್ಲದೆ ಅದರ ಮೇಲೇ ಕೋಟು ಹಾಕಿಕೊಂಡು ಬಂದಿದ್ದಳು. ಮೃತಳ ತಾಯಿಗೆ ದೂರನ್ನು ತೋರಿಸಲೇಬೇಕಾಗಿತ್ತು ಎಂದು ನ್ಯಾಯಾಧೀಶೆ ತಗ್ಗಿದ ದನಿಯಲ್ಲಿ ಹೇಳಿದಳು.

"ನನಗೆ ಉಬ್ಬರ ಗಿಬ್ಬರ ಬೇಡ," ಎಂದಳು ಎಸ್ತಿಚು. "ನೀವು ಅಲ್ಲಿದ್ರಾ, ಇರ್ಲಿಲ್ವಾ? ಅಷ್ಟು ಹೇಳಿ."

ನೆಕಾನೆ ಎದ್ದು ನಿಂತಳು. ಕೂತು ಹೇಳುವ ಮಾತಲ್ಲ ಅದು.

"ಇರ್ಲಿಲ್ಲ. ದೋಣಿ ಪಂದ್ಯಕ್ಕೆ ಹೋಗಿದ್ದೆ. ಹೇಳಿಕೆ ಓದ್ದೇ ಸಹಿ ಹಾಕ್ದೆ. ಓದಿದ್ರೆ ಅವತ್ತೇ ಗೊತ್ತಾಗ್ತಿತ್ತು. ಆರು ವರ್ಷ ನಿಮ್ಮ ಕೈಯಡುಗೆ ತಿಂದ್ಕೊಂಡು ಸುಮ್ನಿದ್ದೆ."

ನೆಕಾನೆ ಚೀಲದಿಂದ ಫೋಟೋ ತೆಗೆದು ಮೇಜಿನ ಮೇಲಿಟ್ಟಾಗ ಎಸ್ತಿಚು ಅದನ್ನು ಎತ್ತಿಕೊಂಡು, ಮಗಳ ಬಾಯಿಗೆ ಸಿಕ್ಕಿದ್ದ ಕೂದಲನ್ನು ಹೆಬ್ಬೆರಳಿನಿಂದ ಬಿಡಿಸುವವಳಂತೆ ಸವರಿದಳು. ಆಮೇಲೆ ಕಿಟಕಿಯ ಕಡೆಗೆ ತಿರುಗಿ ನಿಂತಳು. ಆ ಬೆನ್ನನ್ನು ನೋಡಲಾಗದೆ ನೆಕಾನೆ ತಲೆ ತಗ್ಗಿಸಿದಳು.

ಉರ್ಕಿಯಾನ ಮಾತನ್ನೂ ಕೇಳಬೇಕು, ಅವನು ಎಲ್ಲ ಹೇಳಲು ಒಪ್ಪಿದ್ದಾನೆ, ನಾನೇ ಹೋಗಿ ಕರೆತರುತ್ತೇನೆ ಎಂದಳು ನೆಕಾನೆ. ನ್ಯಾಯಾಧೀಶೆ ಬೇಡವೆಂದು ಕೈ ಅಲ್ಲಾಡಿಸಿದಳು. ಈ ದೂರು ಇರುವಾಗ ನೀವು ಸಾಕ್ಷಿಯ ಹತ್ತಿರ ಸುಳಿಯುವಂತಿಲ್ಲ.

"ಅದೂ ಅಲ್ದೆ ಆಗಲೇ ಒಬ್ರು ಹೋಗಿದ್ದಾರೆ," ಎಂದಳು. "ನೀವು ಒಳಗೆ ಬರೋಕೆ ಸ್ವಲ್ಪ ಮುಂಚೆ. ಅವನಿರೋ ಜಾಗ ಗೊತ್ತು, ನಾನೇ ಕರ್ಕೊಂಡ್ಬರ್ತೀನಿ ಅಂದ್ರು ಗೊರ್ಕಾ ಸಬಾಲೆತಾ."

ಗೋಡೆಯ ಗಡಿಯಾರದಲ್ಲಿ ನಾಲ್ಕಾಗಲು ಐದು ನಿಮಿಷ. ಮೂರರ ಗುಂಪು ಆಗಲೇ ಹೊರಟಿರುತ್ತದೆ. ಕಬ್ಬಿಣದ ಪಂಜಗಳ ಕೆಳಗಿನ ಆ ಕಲ್ಲು ಹಾಸಿನಲ್ಲಿ ಈ ಹೊತ್ತಿಗೆ ಜನ ಇರುವುದಿಲ್ಲ, ನೀರು ಚಿಮ್ಮತೊಡಗಿದರೆ ಪ್ರವಾಸಿಗರು ಹಿಂದೆ ಸರಿದು ಹೋಗುತ್ತಾರೆ. ಒಬ್ಬ ಮುದುಕ ಮಾತ್ರ ಅಲ್ಲಿಂದ ಕದಲುವುದಿಲ್ಲ. ಕದಲಬೇಡ ಎಂದು ಹೇಳಿ ಬಂದವಳು ಅವಳೇ.

ಯಾರ ಅಪ್ಪಣೆಯನ್ನೂ ಕೇಳದೆ ನೆಕಾನೆ ಮಾರ್ಚೆಲ್‌ನ ಫೋನಿಗೆ ಕರೆ ಮಾಡಿದಳು. ಎಂಟು ಸಲ ಗಂಟೆ ಬಾರಿಸಿತು. ಒಂಬತ್ತನೆಯದಕ್ಕೆ ಎತ್ತಿದ ಸದ್ದು. ಮೊದಲು ಅಲೆಯ ಅಬ್ಬರ, ಆಮೇಲೆ ಏದುಸಿರು.

"ಮಾರ್ಚೆಲ್?"

"ಹೇಳಿ ಮೇಡಂ," ಎಂದ ಗೊರ್ಕಾ.